ಅಸ್ಲಾಕ್ ಕೆಲಸ ಬಿಟ್ಟ ಕಾರಣ

ಸುಂದ್ವೋಗ್,
ಏಪ್ರಿಲ್ ೬, ಭಾನುವಾರ

ಪ್ರೀತಿಯ ಐವಿಂದ್,

ನಿನ್ನ ಬಲಗಾಲಿನ ಹೆಬ್ಬೆರಳು ಈಗ ಹೇಗಿದೆ? ಉಗುರು ಕಪ್ಪಾಗಿದೆ ಎಂದು ಹೇಳಿ ನೀನು ಬೇರೆ ಮಾತಿಗೆ ಹಾರಿಬಿಟ್ಟೆ. ನನಗೆ ಅಂದಿನಿಂದ ಅದೇ ಯೋಚನೆ. ಒದ್ದೆ ಕಾಲುಚೀಲದಲ್ಲಿ ಕಾವಲಿಗೆ ನಿಲ್ಲಬೇಡ. ಗಡಿ ಎಲ್ಲಿಗೂ ಓಡಿಹೋಗುವುದಿಲ್ಲ, ಎರಡು ನಿಮಿಷ ಕೂತು ಬದಲಿಸಿಕೊಂಡೇ ಹೋಗು. ಈ ಕಾಗದದ ಜೊತೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಬೂದು ಬಣ್ಣದ್ದು ನಾನು ಹೆಣೆದದ್ದು. ನೀಲಿಯದು ನಿಮ್ಮಪ್ಪ ಹೆಣೆದದ್ದು. ಮೊಣಕಾಲಿನ ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದ ಆರು ವಾರದಲ್ಲಿ ಕಲಿತುಬಿಟ್ಟರು. ಒಂದರ ಹಿಮ್ಮಡಿ ಸೊಟ್ಟಗಿದೆ, ಕಂಡರೂ ಕಾಣದ ಹಾಗೆ ಇರು, ತುಂಬ ಹೆಮ್ಮೆಯಲ್ಲಿದ್ದಾರೆ. ಈಗ ಕಾಲು ಸರಿಯಾಗಿದೆ, ಸೋಮವಾರದಿಂದ ಮತ್ತೆ ಹಡಗುಕಟ್ಟೆಗೆ ಹೋಗುತ್ತಿದ್ದಾರೆ. ನಿನ್ನ ಕೋಣೆಯವರೆಲ್ಲ ಕ್ಷೇಮವೇ? ಗೊರಕೆ ಹೊಡೆಯುತ್ತಾಳೆ ಎಂದಿದ್ದೆಯಲ್ಲ, ಆ ತುವಾ, ಅವಳಿಗೂ ನನ್ನ ನೆನಪು ಹೇಳು. ನಾಲ್ಕು ಹುಡುಗರು ಇಬ್ಬರು ಹುಡುಗಿಯರು ಒಂದೇ ಕೋಣೆಯಲ್ಲಿ ಮಲಗಿ ಎದ್ದು ಬಂದೂಕು ಒರೆಸಿಕೊಳ್ಳುವುದು ನಿನಗೆ ಒಂದು ಸುದ್ದಿಯೇ ಅಲ್ಲ. ನಾನು ಮಾತ್ರ ಈಚೆಗೆ ಅದನ್ನೇ ನೆನೆಸಿಕೊಳ್ಳುತ್ತಿರುತ್ತೇನೆ. ಅಲ್ಲಿ ಯಾರೂ ಯಾರನ್ನೂ ಮೊದಲೇ ಅನುಮಾನಿಸಿ ಪಕ್ಕಕ್ಕೆ ಇಟ್ಟಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಜಾರಿಕೊಳ್ಳುತ್ತೇನೆ. ಅದು ಹೋದ ತಿಂಗಳು ಹತ್ತೊಂಬತ್ತಕ್ಕೆ ನನಗೇ ಗೊತ್ತಾಯಿತು. ನೀನು ಅವತ್ತು ಎಷ್ಟು ಖುಷಿಯಿಂದ ಹೇಳಿದೆ, "ಅಮ್ಮಾ, ಸೇನೆಯ ಕಡ್ಡಾಯ ವರ್ಷ ಮುಗಿದ ಕೂಡಲೇ ಶಿಶುವಿಹಾರದ ಶಿಕ್ಷಕನ ಓದಿಗೆ ಸೇರ್ತೀನಿ, ಅರ್ಜಿ ಹಾಕ್ತಿದ್ದೀನಿ" ಎಂದು. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದ ತಾಯಿ ಏನು ಹೇಳಬೇಕಿತ್ತು? ನಾನು, "ಆ ಕೆಲಸ ಗಂಡಸರಿಗೆ ಆಗಿಬರಲ್ಲ ಕಣೋ. ಎರಡು ವರ್ಷ ಇರ್ತಾರೆ, ಹೋಗ್ತಾರೆ. ಅಸ್ಲಾಕ್‌ನ ನೋಡಲಿಲ್ವಾ" ಎಂದೆ. ನೀನು ಒಂದೇ ಮಾತು ಕೇಳಿದೆ. "ಇದನ್ನ ನೀನು ಹೇಳ್ತಿದ್ದೀಯಾ?" ಆಮೇಲೆ ಊಟಕ್ಕೆ ಕರೆಯುತ್ತಿದ್ದಾರೆ ಎಂದು ನೀನು ಫೋನ್ ಇಟ್ಟೆ. ಅಲ್ಲಿ ಊಟ ಐದು ಗಂಟೆಗೆ ಎಂದು ನನಗೆ ಗೊತ್ತು. ಆಗ ಇನ್ನೂ ಮೂರೂವರೆ. ಅಂದಿನಿಂದ ನೀನು ಬರೀ ಹವೆಯ ಸುದ್ದಿ ಕಳಿಸುತ್ತಿದ್ದೀಯ, ಮೈನಸ್ ಇಷ್ಟು, ಮೈನಸ್ ಅಷ್ಟು. ಅದಕ್ಕೆ ನಾನೂ ಇಲ್ಲಿಯ ಹವೆಯನ್ನೇ ತಿರುಗಿ ಕಳಿಸುತ್ತಿದ್ದೇನೆ.

ಅಸ್ಲಾಕ್‌ನ ವಿಷಯದಲ್ಲಿ ಹೋದ ವರ್ಷ ನಾನು ನಿನಗೆ ಹೇಳಿದ್ದು ಸುಳ್ಳು. ದೋಣಿ ಕಟ್ಟುವ ಕಡೆ ಹೆಚ್ಚು ಸಂಬಳ ಸಿಕ್ಕಿತು, ಹೋದ, ಎಂದಿದ್ದೆ. ನೀನು ಆಗ ಊಟದ ತಟ್ಟೆಯಿಂದ ತಲೆಯೆತ್ತಿ, "ಅಸ್ಲಾಕಾ? ಸಂಬಳಕ್ಕಾ?" ಎಂದು ಎರಡು ಸಲ ಕೇಳಿದೆ. ನಾನು ಆಲೂಗೆಡ್ಡೆ ಬಡಿಸುತ್ತಾ ಹೂಂ ಎಂದೆ. ಅವನು ಹೋದದ್ದು ನನ್ನಿಂದ. ಅದು ಹೇಗೆ ಎಂದು ಹೇಳಲಿಕ್ಕೇ ಈ ಕಾಗದ. ಓದುತ್ತಾ ನಡುವೆ ಸಿಟ್ಟು ಬಂದರೆ ಮಡಿಸಿಟ್ಟು ಹೊರಗೆ ಒಂದು ಸುತ್ತು ಹೋಗಿ ಬಾ, ಆದರೆ ಕೊನೆಯವರೆಗೆ ಓದು.

ಅವನು ನಮ್ಮ ಶಿಶುವಿಹಾರಕ್ಕೆ ಬಂದದ್ದು ಮೂರು ವರ್ಷದ ಹಿಂದೆ ಆಗಸ್ಟಿನಲ್ಲಿ. ಹನ್ನೊಂದು ವರ್ಷ ದೋಣಿ ಕಟ್ಟುವ ಬಡಗಿಯಾಗಿದ್ದವನು, ಕೆಲಸ ಮಾಡುತ್ತಲೇ ಓದಿ ಶಿಕ್ಷಕನಾಗಿದ್ದ. ಹದಿನಾಲ್ಕು ಹೆಂಗಸರ ನಡುವೆ ಒಬ್ಬನೇ ಗಂಡಸು. ನಾನು ಮುಖ್ಯಸ್ಥೆಯಾದಾಗಿನಿಂದ ಸಭೆ ಸಭೆಯಲ್ಲೂ ಹೇಳುತ್ತಿದ್ದೆನಲ್ಲ, ಮಕ್ಕಳಿಗೆ ಹೆಂಗಸರೂ ಬೇಕು ಗಂಡಸರೂ ಬೇಕು, ಆರೈಕೆ ಮಾಡುವುದು ಹೆಂಗಸರ ಕೈಗೆ ಮಾತ್ರ ಬರುವ ವಿದ್ಯೆಯಲ್ಲ ಎಂದು. ಅವನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ನನ್ನ ಮಾತೇ ಎದ್ದು ನಡೆದು ಬಂದ ಹಾಗಾಯಿತು. ಪತ್ರಿಕೆಯವರು ಫೋಟೋ ಹಾಕಿದರು, ಅವನ ಎರಡು ತೋಳಿಗೂ ಮಕ್ಕಳು ಜೋತುಬಿದ್ದಿದ್ದರು, ಪಕ್ಕದಲ್ಲಿ ನಾನು. ಆ ತುಣುಕನ್ನು ಕತ್ತರಿಸಿ ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದೆ. ಮೊದಲ ವಾರವೇ ನಮ್ಮ ಸಿಬ್ಬಂದಿಯ ಸಿಗ್ನೆ, "ಅಂತೂ ನಮಗೂ ಒಬ್ಬ ಗಂಡಸು ಸಿಕ್ಕಿದ ಕಣ್ರೇ, ಇನ್ನು ಹಿಮ ಗೋರೋ ಕೆಲಸ ತಪ್ಪಿತು" ಎಂದಳು. ಅವನು, "ಗೋರ್ತೀನಿ ಸಿಗ್ನೆ, ಆದ್ರೆ ಸರದಿ ಪ್ರಕಾರ. ನಿಮ್ಮ ಸರದಿ ಗುರುವಾರ" ಎಂದ. ಎಲ್ಲರೂ ನಕ್ಕರು. ಆದರೂ ಒಂದು ತಿಂಗಳಲ್ಲಿ ಮುರಿದ ಕುರ್ಚಿ, ಕೆಟ್ಟ ಬಲ್ಬು, ಜಾಮ್ ಆದ ಬಾಗಿಲು ಎಲ್ಲ ಅವನ ಪಾಲಾಯಿತು. ಅವನು ಮಾಡುತ್ತಿದ್ದ, ಮಾಡುತ್ತಾ, "ದೋಣಿ ಬಿಟ್ಟು ಬಂದದ್ದು ಇದಕ್ಕಾ" ಎಂದು ಮಕ್ಕಳ ಹತ್ತಿರ ಹೇಳಿಕೊಳ್ಳುತ್ತಿದ್ದ. ಅದು ತಮಾಷೆ ಎಂದು ನಾವು ಅಂದುಕೊಂಡಿದ್ದೆವು.

ಮರುವರ್ಷದ ಬೇಸಿಗೆಯಲ್ಲಿ ನೀನು ಆರು ವಾರ ಅವನ ಜೊತೆ ಕೆಲಸ ಮಾಡಿದೆ. ನಿನಗೆ ಹದಿನೇಳು. ದಿನಾ ಮನೆಗೆ ಬಂದು ಅಸ್ಲಾಕ್ ಹೀಗೆ ಮಾಡಿದ, ಹಾಗೆ ಮಾಡಿದ ಎಂಬುದೇ ಮಾತು. ಅಳುವ ಮಗುವಿನ ಹತ್ತಿರ ಅವನು ನಿಂತು ಮಾತಾಡುವುದಿಲ್ಲ, ನೆಲದ ಮೇಲೆ ಮಲಗಿಕೊಂಡು ಮಾತಾಡುತ್ತಾನೆ ಎಂದು ನೀನೇ ನನಗೆ ಹೇಳಿದ್ದು. ಅಷ್ಟು ವರ್ಷ ಅದೇ ಕೆಲಸದಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ. ನೀನು ಆ ಬೇಸಿಗೆ ಎಷ್ಟೋ ಮಕ್ಕಳ ಡೈಪರ್ ಬದಲಿಸಿದೆ. ನಿನ್ನನ್ನು ಯಾರೂ ಏನೂ ಅನ್ನಲಿಲ್ಲ, ನೀನು ಮುಖ್ಯಸ್ಥೆ ಗುನ್ವೋರಳ ಮಗ.

ನೀನು ಶಾಲೆಗೆ ವಾಪಸು ಹೋದ ಮೇಲೆ ಆಲ್ಮಾ ಎನ್ನುವ ಮಗು ಸೇರಿತು. ಎರಡು ತುಂಬಿರಲಿಲ್ಲ. ಮೂರು ವಾರ ನಮ್ಮಲ್ಲಿ ಏನೂ ತಿನ್ನಲಿಲ್ಲ, ನಿದ್ದೆಯ ಹೊತ್ತಿಗೆ ಹೊರಗೆ ಅಂಗಳದಲ್ಲಿ ಮಕ್ಕಳ ತಳ್ಳುಗಾಡಿಗಳಲ್ಲಿ ಎಲ್ಲರೂ ಮಲಗಿದರೆ ಅದೊಂದು ಕಣ್ಣು ಬಿಟ್ಟುಕೊಂಡು ಮರ ನೋಡುತ್ತಿತ್ತು. ನಮ್ಮಲ್ಲಿ ಎಲ್ಲರೂ ಪ್ರಯತ್ನಪಟ್ಟೆವು. ಕೊನೆಗೆ ಅಸ್ಲಾಕ್‌ನ ತಟ್ಟೆಯಿಂದ ಕಂದು ಚೀಸಿನ ತುಂಡೊಂದನ್ನು ತಾನೇ ಕೈ ಹಾಕಿ ತೆಗೆದುಕೊಂಡಿತು. ಅವತ್ತಿನಿಂದ ಅದು ಅವನ ತಟ್ಟೆಯಲ್ಲೇ ತಿಂದಿತು, ಅವನ ತೊಡೆಯ ಮೇಲೆ ನಿದ್ದೆ ಹೋಗಿ ಆಮೇಲೆ ತಳ್ಳುಗಾಡಿಗೆ ಹೋಗುತ್ತಿತ್ತು. ಅವಳ ತಾಯಿ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಅದನ್ನು ನೋಡಿ ಅತ್ತುಬಿಟ್ಟಳು, ನೆಮ್ಮದಿಗೆ.

ಅಕ್ಟೋಬರಿನಲ್ಲಿ ಇನ್ನೊಂದು ಮಗುವಿನ ಅಪ್ಪ ಕಾರು ನಿಲ್ಲಿಸುವ ಜಾಗದಲ್ಲಿ ನನ್ನನ್ನು ತಡೆದ. ಹೆಸರು ಬೇಡ, ಕೆಟ್ಟವನಲ್ಲ. ಮಗ ಹುಟ್ಟಿದಾಗ ಐದು ತಿಂಗಳು ರಜೆ ಹಾಕಿ ತಾನೇ ಮನೆಯಲ್ಲಿದ್ದು ನೋಡಿಕೊಂಡವನು. "ದೂರು ಅಂತ ಅಲ್ಲ ಗುನ್ವೋರ್, ಸುಮ್ನೆ ಕೇಳ್ತಿದ್ದೀನಿ. ನಿಮ್ಮ ಆ ಗಂಡಸು ಡೈಪರ್ ಬದಲಿಸುವಾಗ ಒಳಗೆ ಒಬ್ಬನೇ ಇರ್ತಾನಾ?" ಎಂದ. "ಏನಾದರೂ ನೋಡಿದಿರಾ?" ಎಂದೆ. "ಇಲ್ಲಪ್ಪ, ಏನೂ ಇಲ್ಲ. ಯಾರೋ ಮಾತಾಡ್ತಿದ್ರು, ಅಷ್ಟೆ" ಎಂದ. ಅವನ ಕೈಯಲ್ಲಿ ಮಗನ ಒದ್ದೆ ಕೈಗವಸು ಇತ್ತು, ಅದನ್ನು ಹಿಂಡುತ್ತಾ ನಿಂತಿದ್ದ. ನಮ್ಮ ಹೆಂಗಸರೂ ಒಳಗೆ ಒಬ್ಬೊಬ್ಬರೇ ಇರುತ್ತಾರೆ, ಅವರ ಬಗ್ಗೆ ಯಾಕೆ ಕೇಳುವುದಿಲ್ಲ ಎಂದು ನಾನು ಕೇಳಬೇಕಿತ್ತು. "ಗಮನಿಸ್ತೀನಿ" ಎಂದೆ.

ಗಮನಿಸಿದೆ. ಮೂರು ದಿನ ಗಾಜಿನ ಆಚೆಯಿಂದ, ಬಾಗಿಲ ಸಂದಿಯಿಂದ, ಏನೋ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಅವನನ್ನು ನೋಡಿದೆ. ಅವನು ಮಕ್ಕಳನ್ನು ಒರೆಸುತ್ತಾ ದೋಣಿಯ ಭಾಗಗಳ ಹೆಸರಿಟ್ಟು ಏನೋ ಹಾಡುತ್ತಿದ್ದ. ಅಷ್ಟೇ. ಇದನ್ನು ನಾನು ನಿನಗೆ ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ನನ್ನ ತಪ್ಪಿನ ಮೂಲ ಇಲ್ಲೇ ಇದೆ: ನನಗೆ ಅವನ ಮೇಲೆ ಒಂದಿಷ್ಟೂ ಅನುಮಾನ ಇರಲಿಲ್ಲ. ಇದ್ದಿದ್ದರೆ ದೂರು ಬರೆದು ವಿಚಾರಣೆ ಮಾಡಿಸಬೇಕಾದ ದಾರಿ ಇದೆ, ನಾನು ಅದನ್ನು ಬಲ್ಲೆ. ನನಗಿದ್ದದ್ದು ಹೆದರಿಕೆ. ಆ ವರ್ಷ ಜಿಲ್ಲೆಯವರು ಗಂಡು ಹೆಣ್ಣು ಸಮವಾಗಿ ದುಡಿಯುವ ಜಾಗಗಳಿಗೆ ಕೊಡುವ ಪ್ರಶಸ್ತಿಗೆ ನಮ್ಮ ಹೆಸರು ಹೋಗಿತ್ತು. ಈ ಊರಿನಲ್ಲಿ ಒಂದು ಮಾತು ಬೇಕರಿಯಲ್ಲಿ ಹುಟ್ಟಿದರೆ ಹಡಗುಕಟ್ಟೆ ಮುಟ್ಟಲು ಅರ್ಧ ದಿನ ಸಾಕು.

ಶುಕ್ರವಾರ ಮಕ್ಕಳೆಲ್ಲ ಹೋದ ಮೇಲೆ ಅವನನ್ನು ನನ್ನ ಕೋಣೆಗೆ ಕರೆದೆ. ಕಾಫಿ ಹಾಕಿಕೊಟ್ಟೆ. "ಅಸ್ಲಾಕ್, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ, ನಿನ್ನ ರಕ್ಷಣೆಗೆ. ಇನ್ನು ಮೇಲೆ ಡೈಪರ್ ಕೋಣೆಗೆ ಒಬ್ಬನೇ ಹೋಗಬೇಡ. ಮಗು ಬದಲಿಸೋದಿದ್ರೆ ಹೆಂಗಸರಲ್ಲಿ ಯಾರನ್ನಾದ್ರೂ ಕರೆ. ಮಕ್ಕಳನ್ನ ತೊಡೆ ಮೇಲೆ ಮಲಗಿಸಿಕೊಳ್ಳೋದೂ ಕಡಿಮೆ ಮಾಡು." ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟ. ಇಟ್ಟ ಶಬ್ದ ಕೂಡ ಕೇಳಿಸಲಿಲ್ಲ. "ನಾನು ಏನಾದ್ರೂ ಮಾಡಿದ್ದೀನಾ?" ಎಂದ. "ಇಲ್ಲ, ಏನೂ ಇಲ್ಲ." "ಇದು ಎಲ್ಲರಿಗೂ ನಿಯಮಾನಾ?" "ಸದ್ಯಕ್ಕೆ ನಿನಗೆ." "ಬರೆದು ಕೊಡ್ತೀರಾ?" "ಬರೆಯೋ ಅಂಥದ್ದೇನಲ್ಲ ಬಿಡು, ನಮ್ಮ ನಮ್ಮಲ್ಲಿ." ಅವನು ಗೋಡೆಯ ಮೇಲಿದ್ದ ಪತ್ರಿಕೆಯ ತುಣುಕನ್ನು ನೋಡಿದ, ನನ್ನನ್ನು ನೋಡಿದ, ಸರಿ ಎಂದ. ಲೋಟವನ್ನು ತಾನೇ ತೊಳೆದಿಟ್ಟು ಹೋದ.

ನಾನು ಹುಡುಗಿಯಾಗಿದ್ದಾಗ ಮೆಕ್ಯಾನಿಕ್ ಆಗಬೇಕೆಂದು ಹಡಗಿನ ಇಂಜಿನ್ ರಿಪೇರಿ ಮಾಡುವ ಕಡೆ ಎಂಟು ತಿಂಗಳು ಇದ್ದೆ ಎಂದು ನಿನಗೆ ಗೊತ್ತು. ಬೇಜಾರಾಗಿ ಬಿಟ್ಟೆ ಎಂದು ಯಾವಾಗಲೂ ಹೇಳುತ್ತಿದ್ದೆ. ಅಲ್ಲಿ ನಲವತ್ತು ಗಂಡಸರು, ನಾನೊಬ್ಬಳು. ಮೇಸ್ತ್ರಿ ಮೊದಲ ತಿಂಗಳೇ ನನ್ನನ್ನು ಕರೆದು, "ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ಹುಡುಗಿ, ಗಂಡಸರ ಜೊತೆ ಇಂಜಿನ್ ಕೋಣೆಗೆ ಇಳಿಯಬೇಡ, ಜನ ನಾಲ್ಕು ಮಾತಾಡ್ತಾರೆ" ಎಂದಿದ್ದ. ಆಮೇಲೆ ಉಳಿದ ದಿನವೆಲ್ಲ ನಾನು ಕಪಾಟಿನ ಮುಂದೆ ನಿಂತು ಬೋಲ್ಟು ನಟ್ಟು ಎಣಿಸಿ ಕೊಡುತ್ತಿದ್ದೆ. ಇಂಜಿನ್ ಕೋಣೆಗೆ ಇಳಿಯದವಳು ಇಂಜಿನ್ ಕಲಿಯುವುದು ಹೇಗೆ? ಅಸ್ಲಾಕ್‌ನ ಜೊತೆ ಮಾತಾಡಿ ಕಾರಿನಲ್ಲಿ ಮನೆಗೆ ಬರುತ್ತಿದ್ದಾಗ ಸೇತುವೆಯ ಮೇಲೆ ನನಗೆ ಇದು ಹೊಳೆಯಿತು. ಆ ಮೇಸ್ತ್ರಿಯ ಮಾತನ್ನು ನಾನು ಅಕ್ಷರ ಬಿಡದೆ ಹೇಳಿದ್ದೆ. ಹೊಳೆಯಿತು, ಆದರೂ ಕಾರು ತಿರುಗಿಸಲಿಲ್ಲ. ಮನೆಗೆ ಬಂದು ಮೀನಿನ ಸೂಪು ಮಾಡಿದೆ.

ಆಮೇಲಿನ ಐದು ತಿಂಗಳು ಅವನು ನಿಯಮವನ್ನು ಒಂದು ದಿನವೂ ಮುರಿಯಲಿಲ್ಲ. ಮಗು ಒದ್ದೆಯಾದರೆ ಬಾಗಿಲಲ್ಲಿ ನಿಂತು, "ಯಾರಾದ್ರೂ ಬರ್ತೀರಾ?" ಎಂದು ಕರೆಯುತ್ತಿದ್ದ. ನಮ್ಮವರಿಗೆ ಕಿರಿಕಿರಿ. ನಿಯಮದ ಸಂಗತಿ ಯಾರಿಗೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ, ಅವನೂ ಹೇಳಲಿಲ್ಲ. "ಏನಪ್ಪಾ ದೊಡ್ಡ ಮನುಷ್ಯ, ಕೈಗೆ ಹೊಲಸು ಅಂಟುತ್ತಾ? ಕೊನೆಗೂ ಗಂಡಸೇ ಬಿಡು" ಎಂದು ಸಿಗ್ನೆ ಎಲ್ಲರೆದುರು ಅಂದಳು. ಅವನು ನಕ್ಕ. ನಾನು ಪಕ್ಕದಲ್ಲೇ ಸೇಬು ಹೆಚ್ಚುತ್ತಿದ್ದೆ, ಐವಿಂದ್. ತಲೆ ಎತ್ತಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಮಕ್ಕಳು ಹಿಮದಲ್ಲಿ ಆಡಿ ಒಳಗೆ ಬಂದರು. ಇಬ್ಬರು ಸಿಬ್ಬಂದಿ ಜ್ವರವೆಂದು ಮನೆಯಲ್ಲಿದ್ದರು. ನಾನು ಕೋಣೆಯಿಂದ ಹೊರಗೆ ಬಂದಾಗ ಅಸ್ಲಾಕ್ ಕಾರಿಡಾರಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಆಲ್ಮಾಳ ಕೈ ಹಿಡಿದುಕೊಂಡು. ಮಗುವಿಗೆ ಹೊಟ್ಟೆ ಕೆಟ್ಟಿತ್ತು. ಚಳಿಯುಡುಪಿನ ಒಳಗೆಲ್ಲ ಆಗಿ, ಬೂಟಿನವರೆಗೆ ಇಳಿದಿತ್ತು. ಅಳು ಕೂಡ ದಣಿದು ಬರೀ ಬಿಕ್ಕಳಿಕೆ ಉಳಿದಿತ್ತು. ಇನ್ನೊಂದು ಕೈ ಚಾಚಿ ಎತ್ತಿಕೋ ಎನ್ನುತ್ತಿತ್ತು. ಅವನು ಎತ್ತಿಕೊಳ್ಳದೆ, "ಬರ್ತಾರೆ ಪುಟ್ಟಿ, ಈಗ ಬರ್ತಾರೆ" ಎನ್ನುತ್ತಿದ್ದ. ಎಷ್ಟು ಹೊತ್ತಾಯಿತು ಎಂದು ಕೇಳಿದೆ. "ಹನ್ನೆರಡು ನಿಮಿಷ" ಎಂದ. ಗಡಿಯಾರ ನೋಡಿಕೊಂಡೇ ನಿಂತಿದ್ದ. ಸಿಗ್ನೆ ಒಬ್ಬ ಪೋಷಕರ ಜೊತೆ ಫೋನಿನಲ್ಲಿದ್ದಳಂತೆ, ಉಳಿದವರು ಇನ್ನೂ ಹೊರಗೆ. ನಾನು ಮಗುವನ್ನು ಎತ್ತಿಕೊಂಡೆ. ಅದು ನನ್ನ ಭುಜದ ಮೇಲಿನಿಂದ ಅವನ ಕಡೆ ಕೈ ಚಾಚಿ ಚೀರಿತು. ಒಳಗೆ ಹೋಗಿ ತೊಳೆಯುವಾಗ ನೋಡಿದೆ, ತೊಡೆಯ ಚರ್ಮ ಕೆಂಪಾಗಿ ಸುಟ್ಟ ಹಾಗಾಗಿತ್ತು. ಆಗಲೂ ಹೊರಗೆ ಬಂದು, ನಾನು ತಪ್ಪು ಮಾಡಿದೆ, ಆ ನಿಯಮ ಇವತ್ತಿಗೆ ಮುಗಿಯಿತು ಎನ್ನಬಹುದಿತ್ತು. "ಇನ್ನು ಮೇಲೆ ಬೇಗ ಕರಿ" ಎಂದೆ.

ಮಾರ್ಚಿನಲ್ಲಿ ಪ್ರಶಸ್ತಿ ಬಂತು. ಆ ಸಮಾರಂಭಕ್ಕೆ ನೀನು ನಿನ್ನ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದೆ, ನಿಮ್ಮಪ್ಪನ ಪಕ್ಕ ಮೂರನೇ ಸಾಲಿನಲ್ಲಿ ಕೂತಿದ್ದೆ. ನಾನು ವೇದಿಕೆಗೆ ಅಸ್ಲಾಕ್‌ನನ್ನೂ ಕರೆದುಕೊಂಡು ಹೋದೆ. ನನ್ನ ಭಾಷಣ ಚೆನ್ನಾಗಿತ್ತು ಎಂದು ನೀನು ಆಮೇಲೆ ಅಪ್ಪಿಕೊಂಡೆ. ಪತ್ರಿಕೆಯ ಹುಡುಗಿಯೊಬ್ಬಳು ಅವನನ್ನು, "ಹೆಂಗಸರ ನಡುವೆ ಒಬ್ಬರೇ ಗಂಡಸಾಗಿ ಕೆಲಸ ಮಾಡೋದು ಹೇಗಿದೆ?" ಎಂದು ಕೇಳಿದಳು. ಅವನು ಒಂದು ಮಾತಿನಲ್ಲಿ ನನ್ನನ್ನು ಅಲ್ಲೇ ಮುಗಿಸಬಹುದಿತ್ತು. "ಮಕ್ಕಳು ತುಂಬ ಒಳ್ಳೆಯವರು" ಎಂದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನಗೆ ಆ ಗಳಿಗೆಯಲ್ಲಿ ಆದದ್ದು ನಾಚಿಕೆ ಅಲ್ಲ, ಬಚಾವಾದೆ ಎನ್ನುವ ಸಮಾಧಾನ. ಈಗ ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳುವ ಹಾಗಾಗುವುದು ಅದಕ್ಕೇ.

ಮುಂದಿನ ಸೋಮವಾರ ರಾಜೀನಾಮೆ ತಂದುಕೊಟ್ಟ. ನಾನು ಯಾಕೆ ಎಂದು ಕೇಳುವಷ್ಟು ನಾಟಕವನ್ನೂ ಆಡಿದೆ. ಅವನು ಕೂರಲಿಲ್ಲ. "ನೀವು ನನ್ನನ್ನ ನಂಬದೆ ಇದ್ದಿದ್ರೆ ನನಗೆ ಅರ್ಥ ಆಗ್ತಿತ್ತು ಗುನ್ವೋರ್. ವಿಚಾರಣೆ ಮಾಡಿ ಅಂತಿದ್ದೆ. ನೀವು ನಂಬಿದ್ರಿ. ನಂಬಿಕೊಂಡೇ ಹೀಗೆ ಮಾಡಿದ್ರಿ. ಇದಕ್ಕೆ ನಾನು ಯಾರ ಹತ್ತಿರ ಹೋಗಿ ಏನು ಅಂತ ಹೇಳಲಿ?" ಅಷ್ಟು ಹೇಳಿ ಒಳಗೆ ಹಾಕಿಕೊಳ್ಳುವ ತನ್ನ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ನಗರಸಭೆಗೆ ಕಳಿಸುವ ಕಾಗದದಲ್ಲಿ ಕೆಲಸ ಬಿಡಲು ಕಾರಣ ಎನ್ನುವ ಜಾಗ ಇರುತ್ತದೆ. ಅದನ್ನು ಅವನು ಖಾಲಿ ಬಿಟ್ಟಿದ್ದ. ನಾನು ನನ್ನ ಕೈಯಾರೆ "ವೈಯಕ್ತಿಕ" ಎಂದು ಬರೆದೆ. ಸಿಬ್ಬಂದಿಗೆ ಸಂಬಳದ ಕಥೆ ಹೇಳಿದೆ. "ನಾನು ಹೇಳಲಿಲ್ವಾ, ಗಂಡಸರು ಇಲ್ಲಿ ನಿಲ್ಲಲ್ಲ" ಎಂದಳು ಸಿಗ್ನೆ. ಆ ಮಾತನ್ನೇ ನಾನು ಎತ್ತಿಕೊಂಡು ಒಂದು ವರ್ಷ ಎಲ್ಲ ಕಡೆ ಹೇಳಿಕೊಂಡು ತಿರುಗಿದೆ, ಕೊನೆಗೆ ಫೋನಿನಲ್ಲಿ ನಿನಗೂ ಹೇಳಿದೆ.

ನೀನು ಫೋನ್ ಇಟ್ಟ ಮೇಲೆ ನಾನು ನಿಮ್ಮಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರ ಸ್ವಭಾವ ನಿನಗೆ ಗೊತ್ತಲ್ಲ, ಮಾತು ಕಡಿಮೆ. ಹೆಣಿಗೆಯ ಕಡ್ಡಿ ಕೆಳಗಿಟ್ಟರು. "ಆ ಹುಡುಗನ ಮುಖ ನೋಡಿ ಹೇಳು. ನನ್ನ ಮುಂದೆ ಅತ್ತರೆ ಏನು ಬಂತು" ಎಂದರು. ಶನಿವಾರ ಅಸ್ಲಾಕ್‌ನ ಹತ್ತಿರ ಹೋದೆ. ಅವನು ಈಗ ಕೊಲ್ಲಿಯ ಆಚೆ ದಡದಲ್ಲಿ ಹಳೆಯ ಮೀನುಗಾರಿಕೆ ದೋಣಿಗಳನ್ನು ರಿಪೇರಿ ಮಾಡುತ್ತಾನೆ. ದೋಣಿಯ ಹೊಟ್ಟೆಯ ಕೆಳಗೆ ಮಲಗಿ ಹಲಗೆಗಳ ಸಂದಿಗೆ ನಾರು ತುರುಕುತ್ತಿದ್ದ. ನನ್ನನ್ನು ನೋಡಿ ಎದ್ದು ಬರಲಿಲ್ಲ, ಅಲ್ಲಿಂದಲೇ "ಹೇಳಿ" ಎಂದ. ನಾನು ಬಗ್ಗಿ ನಿಂತು ಹೇಳಬೇಕಾಯಿತು. ತಪ್ಪಾಯಿತು ಎಂದೆ. ನನ್ನ ಹೆದರಿಕೆಯನ್ನು ನಿನ್ನ ತಲೆಗೆ ಕಟ್ಟಿದೆ ಎಂದೆ. ಅವನು ಕೆಲಸ ನಿಲ್ಲಿಸದೆ ಕೇಳಿದ. ಕ್ಷಮಿಸಿದೆ ಎಂದು ಹೇಳಲಿಲ್ಲ. ವಾಪಸು ಬರುತ್ತೀಯಾ ಎಂದದ್ದಕ್ಕೆ, "ಇಲ್ಲ. ಬಂದ್ರೆ ನನ್ನ ಕೈ ಮಗುವಿನ ಹತ್ತಿರ ಹೋಗುವಾಗ ನಾನೇ ನನ್ನ ಕೈನ ನೋಡ್ತಾ ಇರ್ತೀನಿ. ಅದನ್ನ ಹೇಗೆ ತೆಗೀತೀರಿ?" ಎಂದ. ನಾನು ಹೊರಡುವಾಗ ಮಾತ್ರ ದೋಣಿಯ ಕೆಳಗಿನಿಂದ ಈಚೆ ಬಂದು, ಕೈ ಒರೆಸಿಕೊಳ್ಳುತ್ತಾ, "ಆಲ್ಮಾ ಈಗ ಊಟ ಮಾಡ್ತಾಳಾ?" ಎಂದು ಕೇಳಿದ. ಮಾಡ್ತಾಳೆ, ಮೂರು ತುಂಬಿತು, ಬಾಯಿ ಜೋರು ಎಂದೆ. ತಲೆಯಾಡಿಸಿದ. ನೀನು ಶಿಕ್ಷಕನಾಗಬೇಕೆಂದಿರುವುದನ್ನೂ, ನಾನು ನಿನಗೆ ಏನು ಹೇಳಿದೆ ಎಂಬುದನ್ನೂ ಅವನಿಗೆ ಹೇಳಿದೆ. ಅವನು ಮತ್ತೆ ದೋಣಿಯ ಕೆಳಗೆ ಹೋದ.

ಮರುವಾರ ಪೋಷಕರನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ಕರೆದೆ. ಎದ್ದು ನಿಂತು, ಅಸ್ಲಾಕ್ ಸಂಬಳಕ್ಕೆ ಹೋದದ್ದಲ್ಲ, ನಾನು ಕಳಿಸಿದ ಹಾಗೆ ಹೋದ ಎಂದು ಶುರು ಮಾಡಿ ಪೂರ್ತಿ ಹೇಳಿದೆ. ಕಾರಿನ ಹತ್ತಿರ ನನ್ನನ್ನು ತಡೆದಿದ್ದ ಆ ಅಪ್ಪ ನೆಲ ನೋಡುತ್ತಾ ಕೂತಿದ್ದ. ಅವನ ಹೆಸರು ನಾನು ಎತ್ತಲಿಲ್ಲ, ಅವನು ಕೇಳಿದ್ದಷ್ಟೇ, ಮಾಡಿದ್ದು ನಾನು. ಆಲ್ಮಾಳ ತಾಯಿ ಎದ್ದಳು. "ನನ್ನ ಮಗಳು ಹನ್ನೆರಡು ನಿಮಿಷ ಹಾಗೇ ನಿಂತಿದ್ದಳಾ? ಅವನು ಪಕ್ಕದಲ್ಲಿದ್ದೂ?" ಎಂದಳು. ಹೌದು ಎಂದೆ. "ನೀವು ಅವತ್ತು ನನಗೆ ಹೊಸ ಸೋಪಿನಿಂದ ಚರ್ಮ ಕೆಂಪಾಗಿದೆ ಅಂದ್ರಿ" ಎಂದಳು. ಅದನ್ನು ನಾನು ಮರೆತೇಬಿಟ್ಟಿದ್ದೆ, ಐವಿಂದ್. ಹೇಳಿದ ಸುಳ್ಳೇ ನೆನಪಿರದಷ್ಟು ಸಲೀಸಾಗಿ ಹೇಳಿದ್ದೆ. ಸಭೆ ಮುಗಿದ ಮೇಲೆ ಸಿಗ್ನೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ನನ್ನ ಕಡೆ ತಿರುಗದೆ, "ನಾನು ಅವನಿಗೆ ಕೈಗೆ ಹೊಲಸು ಅಂಟುತ್ತಾ ಅಂದಾಗ ನೀನು ಅಲ್ಲೇ ಇದ್ದೆ ಅಲ್ವೇನೇ?" ಎಂದಳು. ಆಮೇಲೆ ಇವತ್ತಿನವರೆಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ನನಗೆ ಅದು ಸಲ್ಲಬೇಕಾದದ್ದೇ.

ನಗರಸಭೆಗೂ ಬರೆದೆ. ಆ "ವೈಯಕ್ತಿಕ" ಎನ್ನುವ ಪದ ನಾನು ಸೇರಿಸಿದ್ದು ಎಂದು ತಿಳಿಸಿ, ಅಸ್ಲಾಕ್‌ನ ಕಡತದಲ್ಲಿ ನಿಜವಾದ ಕಾರಣ ಬರೆಸಿದ್ದೇನೆ. ಅದರ ಪ್ರತಿ ಅವನಿಗೂ ಹೋಗಿದೆ. ಪ್ರಶಸ್ತಿಯ ಫಲಕವನ್ನು ವಾಪಸು ಕಳಿಸಿದೆ. ಜಿಲ್ಲೆಯವರು ಯಾವ ವಿಭಾಗಕ್ಕೆ ಇದನ್ನು ತೆಗೆದುಕೊಳ್ಳಬೇಕೋ ಗೊತ್ತಿಲ್ಲ ಎಂದು ಎರಡು ಸಲ ಫೋನ್ ಮಾಡಿದರು. ಮೇ ಒಂದರಿಂದ ನಾನು ಮುಖ್ಯಸ್ಥೆ ಅಲ್ಲ. ಅವರು ತೆಗೆದದ್ದಲ್ಲ, ನಾನೇ ಕೇಳಿಕೊಂಡೆ, ಅವರು ಬೇಡವೆನ್ನಲಿಲ್ಲ. ಸಣ್ಣ ಮಕ್ಕಳ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ, ಅಲ್ಲಿಗೆ ಹೋಗುತ್ತೇನೆ. ಡೈಪರ್ ಕೋಣೆಯ ಬಾಗಿಲಿಗೆ ಗಾಜು ಹಾಕಿಸಲು ಸಿಬ್ಬಂದಿಯೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ, ಯಾರು ಒಳಗಿದ್ದರೂ ಒಂದೇ ಲೆಕ್ಕ. ಇಷ್ಟು ಸುಲಭವಿತ್ತು. ಒಬ್ಬ ಮನುಷ್ಯನ ಕೆಲಸ ಹೋಗುವ ಮೊದಲೇ ಹೊಳೆಯಬಹುದಿತ್ತು.

ಇದರಿಂದ ನಿನ್ನ ಮನಸ್ಸಿನಲ್ಲಿ ನಾನು ಇಳಿದುಹೋಗುತ್ತೇನೆ ಎಂದು ಗೊತ್ತಿದ್ದೇ ಬರೆದೆ. ಬಿಳಿ ಅಂಗಿ ಹಾಕಿಕೊಂಡು ಬಂದು ನೀನು ನನ್ನನ್ನು ಅಪ್ಪಿಕೊಂಡದ್ದನ್ನು ಮಾತ್ರ ನನ್ನಿಂದ ಮರೆಯಲಿಕ್ಕೆ ಆಗುತ್ತಿಲ್ಲ. ಅದನ್ನು ಇಟ್ಟುಕೊಳ್ಳಲಿಕ್ಕೂ ಆಗುತ್ತಿಲ್ಲ, ಹಿಂದಿರುಗಿಸಲಿಕ್ಕೂ ಆಗುತ್ತಿಲ್ಲ.

ಹೊಟ್ಟೆ ತುಂಬ ತಿನ್ನು, ಬೆರಳನ್ನು ಅಲ್ಲಿಯ ನರ್ಸಿಗೆ ತೋರಿಸು, ನಿಮ್ಮಪ್ಪನ ಕಾಲುಚೀಲ ಹಾಕಿಕೊಂಡ ಒಂದು ಫೋಟೋ ಅವರಿಗೆ ಕಳಿಸು. ನಿನಗೂ ನಿನ್ನ ಕೋಣೆಯ ಐವರಿಗೂ ಒಳ್ಳೆಯದಾಗಲಿ. ನನಗೆ ಉತ್ತರ ಬರೆಯಲೇಬೇಕೆಂದೇನಿಲ್ಲ.

ನಿನ್ನ ಅಮ್ಮ,
ಗುನ್ವೋರ್

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಫೋನ್ ಬಂತು, ಅಸ್ಲಾಕ್. ಒಂದು ವರ್ಷದಲ್ಲಿ ಅವನಾಗಿ ಮಾಡಿದ್ದು ಇದೇ ಮೊದಲು. ತನ್ನ ಬಗ್ಗೆ ಏನೂ ಇಲ್ಲ, ಕಡತದ ಪ್ರತಿ ಬಂತೋ ಇಲ್ಲವೋ ಅದನ್ನೂ ಹೇಳಲಿಲ್ಲ. "ನಿಮ್ಮ ಹುಡುಗ ಅರ್ಜಿ ಹಾಕಿದನಾ?" ಎಂದ. ನನಗೆ ಗೊತ್ತಿಲ್ಲ, ನನ್ನ ಹತ್ತಿರ ಆ ಮಾತೇ ಎತ್ತುತ್ತಿಲ್ಲ ಎಂದೆ. "ನಿಮ್ಮ ಮಾತು ಕೇಳಿ ಬಿಟ್ಟಿದ್ದರೆ ನನಗೆ ಫೋನ್ ಮಾಡೋಕೆ ಹೇಳಿ. ಆ ಬೇಸಿಗೆ ನಾನು ನೋಡಿದ್ದೀನಿ, ಅವನಿಗೆ ಬರುತ್ತೆ ಆ ಕೆಲಸ" ಎಂದು ಇಟ್ಟುಬಿಟ್ಟ. ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ಅರ್ಜಿಗೆ ಹದಿನೈದು ಕೊನೆಯ ದಿನ, ಐವಿಂದ್. ಅವತ್ತು ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಬೇಡ. ಅವನ ಮಾತು ಕೇಳು.